ಒತ್ತಕ್ಷರದ ಜಾಗ

ಸನ್ಮಾನ ಪತ್ರವನ್ನು ಬರೆದವನು ತಾನು, ಅದನ್ನು ಕಂಪ್ಯೂಟರಿನಲ್ಲಿ ಜೋಡಿಸಿದವನು ತಾನು, ಜೋಡಿಸಲು ಬಳಸಿದ ತಂತ್ರಾಂಶ ಮೂರು ವರ್ಷ ಕಣ್ಣು ಕೆಡಿಸಿಕೊಂಡು ತಾನೇ ಮಾಡಿದ್ದು, ಇವತ್ತು ಸಂಜೆ ನಾಲ್ಕಕ್ಕೆ ಮೈಕಿನ ಮುಂದೆ ನಿಂತು ಅದನ್ನು ಓದಬೇಕಾದವನೂ ತಾನೇ. ಶಾಲು ಮಾತ್ರ ಪ್ರೆಸ್ಸಿನ ಮಾಲೀಕರಾದ ಬಕ್ಕೇಶಪ್ಪನವರ ಹೆಗಲಿಗೆ. ಗಡ್ಡ ಹೆರೆದುಕೊಳ್ಳುತ್ತ ಮಹಾಂತೇಶ ಇದನ್ನು ಎರಡು ಮೂರು ಸಲ ಮನಸ್ಸಿನಲ್ಲೇ ಹೇಳಿಕೊಂಡು ನೋಡಿದ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಕಾಲು ಮಡಿಸಿ ಬಹಳ ಹೊತ್ತು ಕೂತು ಎದ್ದಾಗ ಕಾಲು ತನ್ನದಲ್ಲ ಅನ್ನಿಸುತ್ತದಲ್ಲ, ಹಾಗೆ ಒಂದು ವಾರದಿಂದ ಎದೆಯ ಒಳಗೆ ಏನು ಮುಟ್ಟಿದರೂ ತಿಳಿಯುತ್ತಿರಲಿಲ್ಲ. ಕೆನ್ನೆ ಕೊಯ್ದುಕೊಂಡದ್ದೂ ಆಶಾರಾಣಿ ಹೇಳಿದ ಮೇಲೆಯೇ ಗೊತ್ತಾದದ್ದು. ಅವಳು ಹಿತ್ತಲ ಬಾಗಿಲಿನಲ್ಲಿ ನಿಂತು ಅವನ ಇಸ್ತ್ರಿ ಅಂಗಿಯನ್ನು ತೋಳಿನ ಮೇಲೆ ಹಾಕಿಕೊಂಡಿದ್ದಳು. ಹತ್ತು ವರ್ಷದ ಸಂಸಾರದಲ್ಲಿ ಅವಳು ಗಂಡನ ಕೆಲಸದ ಬಗ್ಗೆ ಮಾತಾಡಿದ್ದು ಕಡಿಮೆ. ಮಾತಾಡಿದರೆ ಅದು ತಪ್ಪಿದ್ದೂ ಕಡಿಮೆ.

"ಇವತ್ತು ಕಡೇ ದಿನ ಅಂತ ನೀವೇ ಹೇಳಿದ್ರಿ," ಅಂದಳು. "ನಿಮ್ಮ ಹೆಸರು ನೀವು ಬರಿಯಾಕೆ ಯಾರನ್ನ ಕೇಳ್ಬೇಕ್ರಿ?"

ಬರೀತೀನಿ ಎಂದು ಅವನು ಕನ್ನಡಿಗೆ ಹೇಳಿದ. ಬರೆಯಬೇಕಾದದ್ದು ಏನು ಎಂದು ಅವಳಿಗೆ ಗೊತ್ತಿದ್ದದ್ದು ಅರ್ಧ ಮಾತ್ರ. ಅವಳಿಗೆ ಗೊತ್ತಿದ್ದ ಅರ್ಧ ಇಷ್ಟು: ಪುಕ್ಕಟೆ ತಂತ್ರಾಂಶ ಮಾಡಿ ಹಂಚುವ ಜನರ ಒಂದು ಬಳಗವಿದೆ, ಹತ್ತಾರು ದೇಶಗಳಲ್ಲಿ ಚದುರಿಕೊಂಡಿರುವ, ಒಬ್ಬರ ಮುಖ ಒಬ್ಬರು ನೋಡದ ಬಳಗ. ವರ್ಷಕ್ಕೊಮ್ಮೆ ಸದಸ್ಯರೇ ಓಟು ಹಾಕಿ ಮೂರು ಕೆಲಸಗಳನ್ನು ಆರಿಸುತ್ತಾರೆ. ಆರಿಸಿದ್ದಕ್ಕೆ ಒಂದು ಪ್ರಶಸ್ತಿ, ಜೊತೆಗೆ ಬೇರೆ ನೌಕರಿಯ ಗೊಡವೆಯಿಲ್ಲದೆ ಒಂದು ವರ್ಷ ಅದನ್ನೇ ಮುಂದುವರಿಸಲು ಬೇಕಾಗುವಷ್ಟು ಸಹಾಯಧನ. ಈ ಸಲದ ಮೂರರಲ್ಲಿ ದಾವಣಗೆರೆಯ ಒಂದು ಪ್ರೆಸ್ಸಿನ ಹಿಂದಿನ ಕೋಣೆಯಲ್ಲಿ ಹುಟ್ಟಿದ, ಕನ್ನಡ ಟೈಪು ಮಾಡಿ ಅಚ್ಚು ಹಾಕುವ ತಂತ್ರಾಂಶವೂ ಒಂದು. ಪ್ರಶಸ್ತಿ, ಮಾಡಿದವರ ಪಟ್ಟಿಯಲ್ಲಿ ಮೊದಲು ಹೆಸರಿರುವವರಿಗೆ. ಮೊದಲ ಹೆಸರು ಬಕ್ಕೇಶಪ್ಪನವರದು, ಅದಕ್ಕೇ ಇವತ್ತಿನ ಸನ್ಮಾನ. ಪಟ್ಟಿಯಲ್ಲಿ ತಪ್ಪಿದ್ದರೆ ಈ ಶನಿವಾರದೊಳಗೆ ತಿದ್ದಿ ಕಳಿಸಿ ಎಂದು ಬಳಗದ ಪತ್ರ ಬಂದು ಒಂದು ವಾರವಾಗಿತ್ತು.

ಆ ಪಟ್ಟಿಯನ್ನು ಮಾಡಿದವನು ಮಹಾಂತೇಶನೇ. ಹದಿನಾಲ್ಕು ವರ್ಷ ಮದುವೆ ಕಾರ್ಡು ಮಾಡಿದ ಕೈ ಬೇರೆ ಹೇಗೆ ಮಾಡೀತು? ಮೇಲೆ ನಡುಮಧ್ಯದಲ್ಲಿ 'ಶ್ರೀ ಕರಿಬಸವೇಶ್ವರ ಪ್ರಸನ್ನ', ಯಾಕೆಂದರೆ ಮನೆದೇವರು ಉಕ್ಕಡಗಾತ್ರಿಯ ಅಜ್ಜಯ್ಯ; ಅದರ ಕೆಳಗೆ ಹಿರಿಯರಾದ ಬಕ್ಕೇಶಪ್ಪನವರು, ಪ್ರೆಸ್ಸು, ಕಂಪ್ಯೂಟರು, ಕರೆಂಟು, ಟೆಲಿಫೋನು ಎಲ್ಲ ಅವರದು; ತೀರ ಕೆಳಗೆ, 'ತಮ್ಮ ಆಗಮನಾಭಿಲಾಷಿ' ಎಂದು ಬರುವ ಜಾಗದಲ್ಲಿ, ತನ್ನ ಹೆಸರು. ಇಂಗ್ಲಿಷಿನಲ್ಲಿ ಬರೆದರೂ ಸಾಲುಗಳ ಕ್ರಮ ಪ್ರೆಸ್ಸಿರುವ ಚೌಕಿಪೇಟೆಯದೇ. ಮೊದಲ ವರ್ಷವೇ ಯಾವನೋ ಒಬ್ಬ ಪುಣ್ಯಾತ್ಮ ಪತ್ರ ಬರೆದು, ಶ್ರೀ ಕರಿಬಸವೇಶ್ವರ ಪ್ರಸನ್ನ ಅವರು ಬರೆದ ಭಾಗ ಯಾವುದು, ಅವರನ್ನು ಸಂಪರ್ಕಿಸುವುದು ಹೇಗೆ ಎಂದು ಕೇಳಿದ್ದ. ಅವರು ದೇವರು ಎಂದು ಮಹಾಂತೇಶ ಉತ್ತರ ಬರೆದ. ಬಳಗದವರು ನಕ್ಕು, ಇರಲಿ ಬಿಡಿ ಎಂದು ದೇವರನ್ನು ಹಾಗೇ ಬಿಟ್ಟರು. ಬಕ್ಕೇಶಪ್ಪನವರು ಈ ಕೆಲಸದ ಮುಖ್ಯಸ್ಥರೋ ಎಂದು ಕೇಳಿದಾಗ ಮಾತ್ರ ಅವನಿಗೆ ಇಲ್ಲ ಅನ್ನಲು ಬೆರಳು ಏಳಲಿಲ್ಲ. ಅವರ ಕುರ್ಚಿಯಲ್ಲಿ ಕೂತು, ಅವರ ಫೋನಿನ ತಂತಿಯಲ್ಲಿ, ಅವರ ಹೆಸರಿನ ಎದುರು ಇಲ್ಲ ಅಂತ ಹೇಗೆ ಬರೆಯುವುದು. ಅವರ ಆಶೀರ್ವಾದದಿಂದ ಎಂದು ಬರೆದಿದ್ದ. ಅದನ್ನು ಬಳಗದವರು ಹೌದು ಎಂದೇ ತಿಳಿದುಕೊಂಡಿದ್ದರು.

ಆಶಾರಾಣಿಗೆ ಗೊತ್ತಿಲ್ಲದ ಅರ್ಧ ಅವರ ಮನೆಯಿದ್ದ ಹರಿಹರದಲ್ಲೇ, ಹೊಳೆಯ ಕಡೆ ಇಳಿಯುವ ಓಣಿಯಲ್ಲಿ ಇತ್ತು. ಪ್ರೆಸ್ಸಿನ ಹಳಬರಿಗೆಲ್ಲ ಸನ್ಮಾನದ ಕಾರ್ಡು ಕೊಡು ಎಂದು ಬಕ್ಕೇಶಪ್ಪ ಹೇಳಿದ್ದರು. ಉಳಿದವರಿಗೆಲ್ಲ ಕೊಟ್ಟಾಗಿತ್ತು, ಇಮಾಮ್ ಸಾಬರ ಕಾರ್ಡು ಮೂರು ದಿನದಿಂದ ಅವನ ಚೀಲದಲ್ಲಿತ್ತು. ಹೇಳಿಬಿಡಬೇಕು, ಕಾರ್ಡು ಕೊಡುವಾಗಲೇ ಹೇಳಿಬಿಡಬೇಕು ಎಂದು ಓಣಿ ಇಳಿಯುವಷ್ಟು ಹೊತ್ತೂ ಅಂದುಕೊಂಡ. ಇಮಾಮ್ ಸಾಬರು ಬನೀನಿನಲ್ಲಿ ಕಟ್ಟೆಯ ಮೇಲೆ ಬಿಸಿಲು ಕಾಯಿಸುತ್ತ ಕೂತಿದ್ದರು. ನಲವತ್ತೊಂದು ವರ್ಷ ಮೊಳೆ ಜೋಡಿಸಿದವರು. ಸೀಸದ ಅಕ್ಷರಗಳನ್ನು ಒಂದೊಂದಾಗಿ ಖಾನೆಯಿಂದ ಎತ್ತಿ, ತಲೆಕೆಳಗಾಗಿ ಸಾಲು ಕಟ್ಟಿ, ಊರಿನ ಅರ್ಧ ಜನರ ಮದುವೆ, ಗೃಹಪ್ರವೇಶ, ಶಿವಗಣಾರಾಧನೆಗಳನ್ನು ಅಚ್ಚಿಗೆ ಕೊಟ್ಟವರು. ಐದು ವರ್ಷದ ಹಿಂದೆ ಪ್ರೆಸ್ಸಿಗೆ ಕಂಪ್ಯೂಟರು ಬಂತು, ಮೊಳೆಗಳು ತೂಕಕ್ಕೆ ಹೋದವು, ಸಾಬರು ಮನೆಗೆ ಬಂದರು. ಬಲಗೈಯ ಹೆಬ್ಬೆರಳು ತೋರುಬೆರಳು ಈಗಲೂ ಸುಮ್ಮನಿರುವುದಿಲ್ಲ. ನಿದ್ದೆಯಲ್ಲೂ ನಮ್ಮನೆಯವರು ಮೊಳೆ ಆರಿಸ್ತಾರೆ ಎಂದು ಅವರ ಹೆಂಡತಿ ಇಮಾಂಬೀ ನಗುತ್ತ ಹೇಳುತ್ತಿದ್ದದ್ದು, ಅವನು ಎರಡು ಮಳೆಗಾಲ ಈ ಕಟ್ಟೆಯ ಮೇಲೆ ಕೂತು ಆಕೆ ಕೊಟ್ಟ ಚಹಾ ಕುಡಿದದ್ದು, ಎದುರಿಗೆ ಗ್ರಾಫ್ ಹಾಳೆ ಹರಡಿಕೊಂಡು ಸಾಬರು ಪೆನ್ಸಿಲಿನಿಂದ ಅಂಗೈಯಗಲ ಅಕ್ಷರ ಬರೆಯುತ್ತಿದ್ದದ್ದು ಎಲ್ಲ ನೆನಪಾಯಿತು. ತಲಕಟ್ಟು ಎಲ್ಲಿ ದಪ್ಪ, ಎಲ್ಲಿ ಸಣ್ಣ. ಯಾವ ಒತ್ತು ಅಕ್ಷರದ ಅಡಿಗೆ ಕೂರಬೇಕು, ಯಾವುದು ಪಕ್ಕಕ್ಕೆ ಸರಿಯಬೇಕು, ಯಾವುದು ಬಿಟ್ಟರೆ ಕೆಳಗಿನ ಸಾಲಿನ ಗುಡಿಸನ್ನು ಹೋಗಿ ಗುದ್ದುತ್ತದೆ. ಮಹಾಂತೇಶ ಚೌಕ ಎಣಿಸಿಕೊಂಡು ಅಂಕಿ ಮಾಡಿ ಕಂಪ್ಯೂಟರಿಗೆ ಕೊಡುತ್ತಿದ್ದ. ಆ ಹಾಳೆಗಳು ಈಗ ಅವನ ಮನೆಯ ಟ್ರಂಕಿನಲ್ಲಿವೆ, ಸುರುಳಿ ಸುತ್ತಿ ದಾರ ಕಟ್ಟಿದವು. ಟ್ರಂಕಿನ ಮೇಲೆ ಹಾಸಿಗೆ ಒಟ್ಟಿದ್ದಾನೆ.

ಪಟ್ಟಿ ಮಾಡುವಾಗ ಸಾಬರ ಹೆಸರು ನೆನಪಾಗಲಿಲ್ಲ ಎಂದರೆ ಅದು ಪೂರ್ತಿ ಸುಳ್ಳಲ್ಲ. ಕಾರ್ಡಿನಲ್ಲಿ ಮೊಳೆ ಜೋಡಿಸಿದವನ ಹೆಸರು ಹಾಕುವ ಪದ್ಧತಿ ಎಲ್ಲಿದೆ? ಅಂಥದೊಂದು ಜಾಗವೇ ಕಾರ್ಡಿನಲ್ಲಿಲ್ಲ. ಆದರೆ ಹೋದ ಆಗಸ್ಟಿನಲ್ಲಿ, ಓಟಿಗೆ ಮುಂಚೆ, ಬಳಗದ ಒಬ್ಬ ಹೆಂಗಸು ಕೇಳಿದ್ದಳು. ತನಗೆ ಈ ಭಾಷೆ ಓದಲು ಬರುವುದಿಲ್ಲ, ಆದರೂ ಈ ಅಕ್ಷರಗಳನ್ನು ತುಂಬ ಹೊತ್ತು ನೋಡುತ್ತ ಕೂತಿದ್ದೆ, ಇವನ್ನು ಬರೆದವರು ಯಾರು ಎಂದು. ಪ್ರೆಸ್ಸಿನ ಫೋನು ಕೆಟ್ಟಿತ್ತು, ಮಹಾಂತೇಶ ಬಸ್ ನಿಲ್ದಾಣದ ಹತ್ತಿರದ ಇಂಟರ್ನೆಟ್ ಅಂಗಡಿಯಲ್ಲಿ ಕೂತಿದ್ದ, ಗಂಟೆಯ ಲೆಕ್ಕ ಓಡುತ್ತಿತ್ತು, ಇಮಾಮ್ ಸಾಬರನ್ನು ಇಂಗ್ಲಿಷಿನಲ್ಲಿ ಏನೆಂದು ಕರೆಯುವುದು ಎಂದು ತೋಚಲಿಲ್ಲ, ಹಿಂದೆ ಕಾಲೇಜಿನ ಹುಡುಗಿಯರು ಸರದಿಗೆ ಕಾಯುತ್ತಿದ್ದರು. 'ಸಾಂಪ್ರದಾಯಿಕ' ಎಂದು ಒಂದೇ ಪದ ಟೈಪು ಮಾಡಿ ಕಳಿಸಿದ. ಕಾರಣಗಳೆಲ್ಲ ನಿಜ, ಒಂದೂ ಕಾರಣವಲ್ಲ. ಕಳಿಸಿದ ಮೇಲೆ ಎದೆಯಲ್ಲಿ ಒಂದು ಸಣ್ಣ ಹಿತ ಹಾದುಹೋಗಿತ್ತು, ಅಕ್ಷರಗಳೂ ತನ್ನವೇ ಆದಂತೆ. ಆ ಹಿತವನ್ನು ನೆನೆದಾಗಲೇ ಅವನಿಗೆ ಈಗ ಹೇಸಿಗೆಯಾಗುವುದು. ತಂತ್ರಾಂಶದ ಜೊತೆ ಅವನೇ ಹಾಕಿದ ಒಕ್ಕಣೆಯಲ್ಲಿ ಏನಿದೆ: ಇದನ್ನು ಯಾರು ಬೇಕಾದರೂ ತಗೊಳ್ಳಿ, ಬಿಚ್ಚಿ ನೋಡಿ, ಬದಲಿಸಿ, ಹಂಚಿ, ಕಾಸು ಕೊಡಬೇಕಿಲ್ಲ, ಮಾಡಿದವರ ಹೆಸರು ಮಾತ್ರ ಅಳಿಸಬೇಡಿ.

ಇಮಾಮ್ ಸಾಬರು ಕಾರ್ಡನ್ನು ಓದಲಿಲ್ಲ. ಬೆಳಕಿಗೆ ಓರೆಯಾಗಿ ಹಿಡಿದು, ಒಂದು ಕಣ್ಣು ಮುಚ್ಚಿ, ಸಾಲಿನ ಉದ್ದಕ್ಕೆ ನೋಡಿದರು. ಬಡಗಿ ಹಲಗೆಯ ಅಂಚು ನೋಡುವ ಹಾಗೆ. ಆಮೇಲೆ ಸಾವ್ಕಾರ್ರಿಗೆ ಸನ್ಮಾನ ಅಂದ್ರೆ ಬರದೆ ಇರ್ತೀನೇನಪ್ಪ, ಮಧ್ಯಾಹ್ನದ ನಮಾಜು ಮುಗಿಸ್ಕೊಂಡು ಬಸ್ ಹತ್ತತೀನಿ ಅಂದರು. ಯಾತಕ್ಕೆ ಸನ್ಮಾನ ಎಂದು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ ಎಂದು ಮಹಾಂತೇಶ ದಾವಣಗೆರೆ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿಕೊಂಡು ಅಂದುಕೊಂಡ. ಗದ್ದೆಗಳಲ್ಲಿ ಭತ್ತದ ಕೊಯಿಲು ನಡೆದಿತ್ತು. ಇಮಾಂಬೀ ಇವತ್ತೂ ಚಹಾ ಕೊಟ್ಟಿದ್ದರು, ಅದರ ಶುಂಠಿ ಇನ್ನೂ ಗಂಟಲಲ್ಲಿ ಇತ್ತು. ಅವರು ಕೇಳಲಿಲ್ಲ, ತಾನು ಹೇಳಲಿಲ್ಲ, ಇದರಲ್ಲಿ ತಪ್ಪು ಅರ್ಧರ್ಧ ಎಂಬ ಒಂದು ಲೆಕ್ಕ ಅವನ ತಲೆಯೊಳಗೆ ತಾನಾಗಿಯೇ ಕೂಡಿಕೊಳ್ಳುತ್ತಿತ್ತು. ಅದನ್ನು ತಡೆಯುವಷ್ಟು ನಾಚಿಕೆಯೂ ಅವನಲ್ಲಿ ಎಚ್ಚರವಾಗಿರಲಿಲ್ಲ.

ಎರಡು ಗಂಟೆಗೆ ಇಂಟರ್ನೆಟ್ ಅಂಗಡಿಯಲ್ಲಿ ಕೂತು ಬಳಗದ ಪತ್ರ ತೆರೆದ. ಖಾಲಿ ಪಟ್ಟಿ, ಸಾಲಿಗೊಂದು ಹೆಸರು, ಹೆಸರಿನ ಎದುರು ಮಾಡಿದ ಕೆಲಸ. ಮೊದಲು ತನ್ನ ಹೆಸರು ಹಾಕಿದ, ಕೆಳಗೆ ಏನೂ ಹಾಕಲಿಲ್ಲ, ನೋಡಿದ. ಅದು ಮಾಲೀಕರನ್ನು ಮನೆಯಿಂದ ಹೊರಗೆ ನಿಲ್ಲಿಸಿದ ಹಾಗೆ ಕಂಡಿತು. ತನ್ನ ಹೆಸರು, ಅದರ ಕೆಳಗೆ ಇಮಾಮ್ ಸಾಬ್, ಎದುರಿಗೆ ಅಕ್ಷರಗಳು ಎಂದು ಹಾಕಿದ. ಹಾಗಾದರೆ ಆಗಸ್ಟಿನಲ್ಲಿ ಸಾಂಪ್ರದಾಯಿಕ ಎಂದು ಬರೆದೆಯಲ್ಲ ಎಂದು ಆ ಹೆಂಗಸು ಕೇಳುತ್ತಾಳೆ. ಓಟು ಹಾಕಿದವರೆಲ್ಲ ಅದನ್ನು ಓದುತ್ತಾರೆ. ಮುಖ ನೋಡದ ಆ ಜನರ ಮುಂದೆ ಅವನಿಗೊಂದು ಒಳ್ಳೆಯ ಮುಖವಿತ್ತು. ಈ ಊರಿನಲ್ಲಿ ಕಾರ್ಡು ತಿದ್ದುವ ಮಾಂತೇಶ, ಅಲ್ಲಿ ಮಾತ್ರ ಯಾರೋ ಒಬ್ಬ. ಎರಡನ್ನೂ ಅಳಿಸಿದ. ಸನ್ಮಾನ ಮುಗಿದ ಮೇಲೆ ಬರುತ್ತೇನೆ, ಎಂಟರವರೆಗೆ ಅಂಗಡಿ ತೆರೆದಿರುತ್ತದೆ ಎಂದು ಕೇಳಿ ತಿಳಿದುಕೊಂಡು ಎದ್ದ. ಮೊದಲು ಬಕ್ಕೇಶಪ್ಪನವರು ತನ್ನ ಪ್ರಶಸ್ತಿಯ ಶಾಲು ಹೊದ್ದುಕೊಳ್ಳಲಿ, ಆಗ ಸಿಟ್ಟು ಬರುತ್ತದೆ, ಸಿಟ್ಟಿನಲ್ಲಿ ಬರೆಯುವುದು ಸುಲಭ ಎಂದು ಅವನ ಎಣಿಕೆ.

ಕಾರ್ಯಕ್ರಮ ಪ್ರೆಸ್ಸಿನಲ್ಲೇ. ಆಫ್‌ಸೆಟ್ ಮಷೀನಿಗೆ ಹೊದಿಕೆ ಹಾಕಿ, ಕಾಗದದ ಬಂಡಲುಗಳನ್ನು ಗೋಡೆಗೆ ಸರಿಸಿ, ಬಾಡಿಗೆ ಕುರ್ಚಿ ಹಾಕಿಸಿದ್ದರು. ಊರಿನ ಮುದ್ರಕರ ಸಂಘದ ಅಧ್ಯಕ್ಷ ಜಂಬಯ್ಯ ಅರ್ಧ ಗಂಟೆ ಮಾತಾಡಿದರು. ನಮ್ಮ ದಾವಣಗೆರೆ ಜಿಲ್ಲೆಯಾಗಿ ಎರಡೇ ವರ್ಷದಲ್ಲಿ ಜಗತ್ತಿನ ನಕ್ಷೆಯ ಮೇಲೆ ಬಂತು ಎಂದರು. ತಂತ್ರಾಂಶ ಎಂದರೇನು ಎಂದು ಅವರು ವಿವರಿಸಿದ ಮೇಲೆ ಮೊದಲು ಅರ್ಥವಾಗಿದ್ದವರಿಗೂ ಗೊಂದಲವಾಯಿತು. ಮಹಾಂತೇಶ ಗಾಜಿನ ಕಟ್ಟು ಹಾಕಿಸಿದ ಸನ್ಮಾನ ಪತ್ರವನ್ನು ಎರಡೂ ಕೈಯಲ್ಲಿ ಹಿಡಿದು ಓದಿದ. ಅವನ ಧ್ವನಿ ಮೈಕಿನಿಂದ ಹೊರಟು ಗೋಡೆಗೆ ತಾಗಿ ತಿರುಗಿ ಬರುವಾಗ ಇನ್ನೊಬ್ಬ ಯಾರೋ ಬೇರೆ ಯಾರನ್ನೋ ಹೊಗಳುತ್ತಿರುವಂತೆ ಕೇಳುತ್ತಿತ್ತು. ಕೊನೆಯ ಸಾಲಿನ ಕುರ್ಚಿಯಲ್ಲಿ, ಕಾಗದ ಕತ್ತರಿಸುವ ಮಷೀನಿನ ಪಕ್ಕ, ಬಿಳಿ ಟೋಪಿಯ ಇಮಾಮ್ ಸಾಬರು ಮೊಣಕಾಲ ಮೇಲೆ ಕೈ ಇಟ್ಟುಕೊಂಡು ಕೂತಿದ್ದರು. ಬೆರಳು ಆಡುತ್ತಿದ್ದವು. ಶಾಲು ಹೊದಿಸಿದರು, ಹಾರ ಹಾಕಿದರು, ಹಣ್ಣಿನ ಬುಟ್ಟಿ ಕೊಟ್ಟರು. ಈಗ ಸಿಟ್ಟು ಬರುತ್ತದೆ ಎಂದು ಮಹಾಂತೇಶ ಕಾದ. ಅಷ್ಟರಲ್ಲಿ ಬಕ್ಕೇಶಪ್ಪ ಮೈಕಿಗೆ ಬಂದರು.

ಬಕ್ಕೇಶಪ್ಪನವರಿಗೆ ಭಾಷಣ ಬರುವುದಿಲ್ಲ. ಮೈಕನ್ನು ಎರಡು ಸಲ ತಟ್ಟಿ, ಕೊರಳ ಹಾರವನ್ನು ತೆಗೆದು ಮೇಜಿನ ಮೇಲಿಟ್ಟರು. ಇದು ಪ್ರೆಸ್ಸಿಗೆ ಬಂದ ಮರ್ಯಾದೆ, ಚಲೋ ಕಾರ್ಡು ಮಾಡಿದ್ದಕ್ಕೆ ಕೊಟ್ಟಾರೆ ಅಂತಲೇ ಈ ವಾರವೆಲ್ಲ ತಿಳಿದಿದ್ದೆ, ಅದು ತಂತ್ರಾಂಶಕ್ಕೆ ಅಂತ ಈಗ ಈ ಮಾಂತೇಶ ಓದಿದ ಮೇಲೆ ಗೊತ್ತಾತು ಎಂದು ಶುರು ಮಾಡಿದರು.

"ನಂಗೆ ಕಂಪ್ಯೂಟರ್ ಆರಿಸಾಕೂ ಬರಲ್ಲ. ಇವ್ನು ಮದುವೆ ಕಾರ್ಡಿನಂಗೆ ಹಿರೇರ ಹೆಸರು ಮೊದ್ಲು ಹಾಕ್ಯಾನೆ, ಅವರು ಅದನ್ನ ಖರೇ ಅಂದ್ಕಂಡಾರೆ. ಮಾಡ್ದೋನು ಇಲ್ಲೇ ನಿಂತಾನೆ, ಶಾಲು ನಾನು ಹೊದ್ಕಂಡ್ರೆ ನನ್ನ ಮೈ ಸುಡ್ತೈತೆ."

ಹೆಗಲಿನ ಶಾಲನ್ನು ತೆಗೆದು ಮಹಾಂತೇಶನಿಗೆ ಹೊದಿಸಿದರು. ಅವರ ಕೈ ಬಿಸಿಯಾಗಿತ್ತು, ಶಾಲಿನಲ್ಲಿ ಅವರ ಬೆವರಿನ ವಾಸನೆಯಿತ್ತು. ಹಾರವನ್ನೂ ಹಾಕಿದರು, ಕಟ್ಟು ಹಾಕಿಸಿದ ಸನ್ಮಾನ ಪತ್ರವನ್ನೂ ಬುಟ್ಟಿಯನ್ನೂ ಅವನ ಕೈಗೆ ಕೊಟ್ಟರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಕೊನೆಯ ಸಾಲಿನಲ್ಲೂ ತಟ್ಟುತ್ತಿದ್ದರು. ಬಕ್ಕೇಶಪ್ಪ ಮೈಕನ್ನು ಅವನ ಕಡೆ ತಿರುಗಿಸಿ, ಇವತ್ತೇ ಬರ್ದು ಹಾಕು, ನನ್ನ ಹೆಸರು ತೆಗಿ, ಮಾಡ್ದೋರು ಇನ್ನ್ಯಾರಾದ್ರೂ ಇದ್ರೆ ಅವ್ರನ್ನೂ ಇಲ್ಲೇ ಹೇಳಿಬಿಡು ಅಂದರು. ಒಂದು ವಾರದಿಂದ ಮಹಾಂತೇಶ ಒರಗಿಕೊಂಡು ನಿಂತದ್ದು ಈ ಮನುಷ್ಯನ ತಪ್ಪಿಗೆ. ಅದನ್ನು ಅವರು ಹೀಗೆ ಎಲ್ಲರೆದುರು ಎತ್ತಿ ತೆಗೆದುಬಿಟ್ಟರು. ಈಗ ಉಳಿದದ್ದು ಅವನದು ಒಂದೇ. ಮೈಕು ಬಾಯಿಯ ಹತ್ತಿರ ಇತ್ತು. ಎದುರಿಗೆ ಐವತ್ತು ಮುಖ, ಹಿಂದೆ ಒಂದು ಬಿಳಿ ಟೋಪಿ. ಎರಡು ಪದ ಸಾಕಾಗಿತ್ತು. ಆ ಎರಡು ಪದ ನಾಲಿಗೆಯ ಮೇಲೆ ಬಂದು ಕೂತದ್ದು ಅವನಿಗೆ ತಿಳಿಯುತ್ತಿತ್ತು. ಹೇಳಿದರೆ ಚಪ್ಪಾಳೆ ಅರ್ಧವಾಗುತ್ತದೆ ಎಂಬುದೂ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಜಂಬಯ್ಯ ಹುಬ್ಬು ಏರಿಸುತ್ತಾರೆ ಎಂಬುದೂ.

"ಸಹಕರಿಸಿದ ಎಲ್ಲರಿಗೂ ವಂದನೆಗಳು," ಅಂದ.

ಕಾರ್ಡಿನ ಕೊನೆಯಲ್ಲಿ ಹಾಕುವ ಸಾಲು. ಸಾವಿರಾರು ಸಲ ಟೈಪು ಮಾಡಿದ್ದು. ಮತ್ತೆ ಚಪ್ಪಾಳೆಯಾಯಿತು, ಮೈಸೂರು ಪಾಕು, ಖಾರಾಬೂಂದಿ ಹಂಚಿದರು. ಇಮಾಮ್ ಸಾಬರು ಜನ ಕರಗುವವರೆಗೆ ಕಾದು ಹತ್ತಿರ ಬಂದು, ಎರಡೂ ಕೈಯಿಂದ ಅವನ ಕೈ ಹಿಡಿದು ಖುಷಿಯಾತಪ್ಪ ಅಂದರು. ಅವರ ಮುಖದಲ್ಲಿ ಮಹಾಂತೇಶ ಏನನ್ನೋ ಹುಡುಕಿದ, ಒಂದು ಗೆರೆ, ಒಂದು ಬಾಡುವಿಕೆ, ಇದ್ದಿದ್ದರೆ ಹಗುರಾಗುತ್ತಿತ್ತು. ಏನೂ ಇರಲಿಲ್ಲ. ಇಬ್ಬರೂ ಹರಿಹರದವರೇ, ಜೊತೆಗೆ ಹೊರಟರು. ಹಣ್ಣಿನ ಬುಟ್ಟಿಯನ್ನು ಸಾಬರೇ ಕಸಿದುಕೊಂಡು ಹಿಡಿದರು, ಮಾನ ಮಾಡಿಸ್ಕಂಡೋನು ಬುಟ್ಟಿ ಹೊರಬಾರ್ದು ಎಂದು. ಇಂಟರ್ನೆಟ್ ಅಂಗಡಿ ದಾರಿಯಲ್ಲೇ. ಬೋರ್ಡಿನ ದೀಪ ಆಗಲೇ ಹತ್ತಿತ್ತು, ಒಳಗೆ ಎರಡು ಕುರ್ಚಿ ಖಾಲಿ ಇದ್ದವು. ಮಹಾಂತೇಶನ ಕಾಲು ತಾನಾಗಿ ನಿಧಾನವಾಯಿತು.

"ಏನಾರ ಕೆಲ್ಸ ಐತೇನಪ್ಪ?" ಇಮಾಮ್ ಸಾಬರು ಕೇಳಿದರು. "ಹೋಗಿ ಬಾ. ನಾ ಇಲ್ಲೇ ನಿಂತಿರ್ತೀನಿ."

ಒಳಗೆ ಹೋದರೆ ಪಟ್ಟಿ ಬರೆಯಬೇಕು. ಬರೆದರೆ ಅದರಲ್ಲಿ ಇವರ ಹೆಸರು ಇರಬೇಕು, ಅಥವಾ ಇರಬಾರದು. ಎರಡರಲ್ಲಿ ಯಾವುದನ್ನು ಬರೆದರೂ ಬಾಗಿಲ ಹೊರಗೆ ಇವರು ತನ್ನ ಹಣ್ಣಿನ ಬುಟ್ಟಿ ಹಿಡಿದು ನಿಂತಿರುತ್ತಾರೆ. ಬರೆಯದೆ ಹೋದರೆ ಒಂದು ವರ್ಷದ ಸಹಾಯಧನ ಬಕ್ಕೇಶಪ್ಪನವರ ಹೆಸರಿಗೆ ಬರುತ್ತದೆ, ಅವರು ಬೇಡ ಎಂದು ವಾಪಸು ಕಳಿಸುತ್ತಾರೆ, ಆಶಾರಾಣಿ ಬಾಗಿಲು ತೆರೆದು ಮುಖ ನೋಡಿ ಏನೂ ಕೇಳದೆ ಒಳಗೆ ಹೋಗುತ್ತಾಳೆ. ಇದೆಲ್ಲ ಅವನಿಗೆ ಸ್ಪಷ್ಟವಾಗಿ ಗೊತ್ತಿತ್ತು.

"ಏನಿಲ್ಲ ಸಾಬ್ರೆ, ನಡೀರಿ," ಅಂದ.

ಬಸ್ಸಿನಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು. ಶಾಲನ್ನು ಮಡಚಿ ಚೀಲದೊಳಗೆ ತುರುಕಿ, ಸನ್ಮಾನ ಪತ್ರವನ್ನು ತೊಡೆಯ ಮೇಲೆ ಇಟ್ಟುಕೊಂಡ. ಅದರ ನಡುವೆ ದಪ್ಪ ಅಕ್ಷರದಲ್ಲಿ ಬಕ್ಕೇಶಪ್ಪ ಎಂದಿತ್ತು. ಊರು ದಾಟಿದ ಮೇಲೆ ಇಮಾಮ್ ಸಾಬರು ಕನ್ನಡಕ ಹಾಕಿಕೊಂಡು, ಕೊಡು ಇಲ್ಲಿ ಎಂದು ಅದನ್ನು ತಗೊಂಡು, ಬಸ್ಸಿನ ಮಂಕು ದೀಪಕ್ಕೆ ಓರೆಯಾಗಿ ಹಿಡಿದರು. ಒಂದು ಕಣ್ಣು ಮುಚ್ಚಿದರು. ಈಗ ಕೇಳುತ್ತಾರೆ ಎಂದು ಮಹಾಂತೇಶ ಅವರ ಕಡೆ ತಿರುಗಿದ. ಕೇಳಲಿ ಎಂದು ಅವನು ನಿಜವಾಗಿ ಬಯಸಿದ್ದು ಆ ಇಡೀ ದಿನದಲ್ಲಿ ಅದೊಂದೇ ಗಳಿಗೆ.

"ಈ ಪ ಒತ್ತು ನೋಡು," ಅಂದರು ಸಾಬರು, ಗಾಜಿನ ಮೇಲೆ ಉಗುರು ಇಟ್ಟು. "ಬೆಳಿಗ್ಗೆ ಕಾರ್ಡ್‌ನಾಗೂ ಹಿಂಗೇ ಇತ್ತು. ಹೊರಗೆ ಜಾರೈತೆ. ಒಂದು ಕೂದಲೆಳಿ ಎಡಕ್ಕೆ ಬಂದ್ರೆ ತಾಯಿ ಅಕ್ಷರದ ಅಡಿಗೆ ಕೂರ್ತೈತೆ. ದಪ್ಪ ಅಕ್ಷರಕ್ಕಷ್ಟೇ ಮತ್ತೆ, ಸಣ್ಣದು ಸರಿ ಐತೆ. ನಾನೇ ಬರಿಯಾಗ ತಪ್ಪೀನಿ, ನಿಂದಲ್ಲ."

ಅವರು ಹೇಳಿದ್ದು ಸರಿಯಾಗಿತ್ತು. ಮೂರು ವರ್ಷ ದಿನವೂ ನೋಡಿದರೂ ಅವನಿಗೆ ಕಾಣದೆ ಇದ್ದದ್ದು ಈಗ ಕಂಡಿತು, ಕಂಡ ಮೇಲೆ ಅದನ್ನು ಬಿಟ್ಟು ಬೇರೇನೂ ಕಾಣಲಿಲ್ಲ. ಹರಿಹರದ ಸೇತುವೆ ಇನ್ನೂ ದೂರವಿತ್ತು. ಮಹಾಂತೇಶ ಜೇಬಿನಿಂದ ಪೆನ್ನು ತೆಗೆದು, ಚೀಲದಲ್ಲಿ ಉಳಿದಿದ್ದ ಆಮಂತ್ರಣದ ಕಾರ್ಡೊಂದನ್ನು ಮಗುಚಿ, ಹಿಂಬದಿಯ ಖಾಲಿ ಜಾಗದಲ್ಲಿ 'ಪ ಒತ್ತು, ದಪ್ಪ ಅಕ್ಷರ, ಎಡಕ್ಕೆ' ಎಂದು ಬರೆದುಕೊಂಡ. ಮತ್ತೆ ಯಾವ್ಯಾವುದು ತಿದ್ದಬೇಕು ಸಾಬ್ರೆ ಎಂದು ಕೇಳಿದ. ಅವರು ಹೇಳುತ್ತ ಹೋದರು, ಅವನು ಬರೆದುಕೊಳ್ಳುತ್ತ ಹೋದ.